ಹನ್ನೆರಡು ಮಿಲಿಮೀಟರ್ ಹಳಿಯ ಮೇಲೆ ನಮ್ಮ ಘಟ್ಟ

ಸ್ವಿಟ್ಜರ್ಲೆಂಡಿನ ರೈಲು ಪುತ್ತೂರಿನ ಅಟ್ಟಕ್ಕೆ ಬಂದದ್ದು ಹೇಗೆ ಅಂತ ಮನೆಗೆ ಬಂದವರು ಕೇಳುವುದುಂಟು. ಉತ್ತರ ಸುಲಭ: ಪಾರ್ಸೆಲ್‌ನಲ್ಲಿ, ಕಸ್ಟಮ್ಸ್ ಸುಂಕ ಕಟ್ಟಿ. ಆದರೆ ಹಾಗೆ ಬಂದ ಹಳಿ ನಮ್ಮ ಸಿರಿಬಾಗಿಲು, ಎಡಕುಮೇರಿಯ ಹಳಿ ಆದದ್ದು ಹೇಗೆ ಎನ್ನುವುದಕ್ಕೆ ಸ್ವಲ್ಪ ವಿವರ ಬೇಕು. ಈ ಸಲದ ಅಂಕಣ ಅದಕ್ಕೇ ಮೀಸಲು.

ಹಗಲು ನಾನು ಸಾಫ್ಟ್‌ವೇರ್ ಎಂಜಿನಿಯರ್. ತಿಂಗಳಲ್ಲಿ ಅರ್ಧ ಬೆಂಗಳೂರು, ಇನ್ನರ್ಧ ಪುತ್ತೂರಿನ ಮನೆಯಿಂದಲೇ ಕೆಲಸ. ಸಂಜೆ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಅಟ್ಟ ಹತ್ತುತ್ತೇನೆ. ಅಲ್ಲಿ ಮೊದಲು ಹಳೆ ಪಾತ್ರೆ, ಒಣ ತೆಂಗಿನಕಾಯಿ ಇತ್ತು. ಈಗ ಒಂದು ಬದಿಯಲ್ಲಿ ಪ್ಲೈವುಡ್ ಮೇಜು, ಅದರ ಮೇಲೆ ಅರ್ಧಂಬರ್ಧ ಗುಡ್ಡ, ಎರಡು ಸುರಂಗದ ಬಾಯಿ, ನಡುವೆ ಒಂದು ಸೇತುವೆ. ಅಮ್ಮನ ಲೆಕ್ಕದಲ್ಲಿ ಇದು ‘ಮಕ್ಕಳ ಸಾಮಾನು’. "ಹುಡುಗಿ ಕಡೆಯವರು ಬಂದರೆ ಅವರನ್ನು ಅಟ್ಟಕ್ಕೆ ಮಾತ್ರ ಕರಕೊಂಡು ಹೋಗಬೇಡ ಮಾರಾಯ" ಅಂತ ಒಂದು ಎಚ್ಚರಿಕೆಯೂ ಉಂಟು.

ಆಟದ ರೈಲಿಗೂ ಮಾದರಿ ರೈಲಿಗೂ ವ್ಯತ್ಯಾಸ ಒಂದೇ: ಅಳತೆ. ಆಟದ ರೈಲು ರೈಲಿನ ಹಾಗೆ ಕಂಡರೆ ಸಾಕು. ಮಾದರಿ ರೈಲಿನಲ್ಲಿ ಎಂಜಿನ್, ಬೋಗಿ, ಕಿಟಕಿ, ಸ್ಲೀಪರು, ಪ್ಲಾಟ್‌ಫಾರಮ್ಮಿನ ಮೇಲೆ ನಿಂತ ಮನುಷ್ಯ, ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗಬೇಕು. ಜಗತ್ತಿನಲ್ಲಿ ಹೆಚ್ಚು ಬಳಕೆಯ ಪ್ರಮಾಣಕ್ಕೆ ‘ಎಚ್‌ಓ’ ಅಂತ ಹೆಸರು, ಅಂದರೆ 87ರಲ್ಲಿ ಒಂದು ಪಾಲು. ಐದೂವರೆ ಅಡಿಯ ಮನುಷ್ಯ ಅಲ್ಲಿ ಎರಡು ಸೆಂಟಿಮೀಟರಿಗಿಂತ ಒಂದು ಕೂದಲು ಕಡಿಮೆ. ಹದಿನೈದು ಮೀಟರ್ ಎತ್ತರದ ಅಡಕೆ ಮರ ಹದಿನೇಳು ಸೆಂಟಿಮೀಟರ್.

ಈ ಹವ್ಯಾಸದವರಲ್ಲಿ ಸ್ವಿಸ್ ರೈಲಿನ ಹುಚ್ಚು ದೊಡ್ಡದು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿರುವ ‘ಮಿನಿಯಾಟೂರ್ ವುಂಡರ್‌ಲಾಂಡ್’ ಎಂಬ ಬೃಹತ್ ಮಾದರಿ ಪ್ರದರ್ಶನ 2007ರಲ್ಲಿ ಸ್ವಿಸ್ ವಿಭಾಗ ತೆರೆದಾಗ ಅಲ್ಲಿನ ಮ್ಯಾಟರ್‌ಹಾರ್ನ್ ಬೆಟ್ಟವನ್ನೇ ಆರು ಮೀಟರ್ ಹತ್ತಿರ ಎತ್ತರಕ್ಕೆ ಕಟ್ಟಿದರು. ಸ್ವಿಟ್ಜರ್ಲೆಂಡ್ ಯಾಕೆ ಅಂದರೆ, ಅಲ್ಲಿಯ ನಿಜವಾದ ರೈಲುಮಾರ್ಗವೇ ಯಾರೋ ಮೇಜಿನ ಮೇಲೆ ಮಡಚಿಟ್ಟ ಹಾಗಿದೆ. ಆಲ್ಬುಲಾ ಮಾರ್ಗದಲ್ಲಿ ಬೆರ್ಗ್ಯೂನ್‌ನಿಂದ ಪ್ರೇಡಾಕ್ಕೆ ಹಕ್ಕಿ ಹಾರುವ ದಾರಿ ಆರು ಕಿಲೋಮೀಟರೂ ಇಲ್ಲ. ಏರಬೇಕಾದ್ದು ನಾನೂರು ಮೀಟರಿಗೂ ಹೆಚ್ಚು. ನೇರ ಏರಲು ಆಗದ್ದಕ್ಕೆ ಹಳಿಯನ್ನು ಬೆಟ್ಟದೊಳಗೆ ಸುರುಳಿ ಸುತ್ತಿಸಿ ಹನ್ನೆರಡು ಕಿಲೋಮೀಟರ್ ಮಾಡಿದ್ದಾರೆ. ಮೇಜಿನ ಮೇಲೆ ರೈಲು ಓಡಿಸುವವನಿಗೂ ಇದೇ ಸಮಸ್ಯೆ ತಾನೆ? ಜಾಗ ಕಡಿಮೆ, ಹಳಿ ಉದ್ದ ಬೇಕು.

ಲಾಂಡ್‌ವಾಸರ್ ಸೇತುವೆಯ ಚಿತ್ರವನ್ನು ನೀವು ಒಂದಲ್ಲ ಒಂದು ಕ್ಯಾಲೆಂಡರಿನಲ್ಲಿ ನೋಡಿರುತ್ತೀರಿ. ಎತ್ತರದ ಕಲ್ಲಿನ ಕಮಾನುಗಳ ಮೇಲೆ ಬಾಗಿಕೊಂಡು ಬರುವ ಕೆಂಪು ರೈಲು ಸೀದಾ ಬಂಡೆಯ ಸುರಂಗದೊಳಗೆ ನುಗ್ಗುತ್ತದೆ. 1902ರಲ್ಲಿ ಮುಗಿದ ಸೇತುವೆ ಅದು. 65 ಮೀಟರ್ ಎತ್ತರ, 136 ಮೀಟರ್ ಉದ್ದ, ಆರು ಕಮಾನು. ಎಚ್‌ಓ ಪ್ರಮಾಣಕ್ಕೆ ಇಳಿಸಿದರೆ 75 ಸೆಂಟಿಮೀಟರ್ ಎತ್ತರ, ಒಂದೂವರೆ ಮೀಟರ್ ಉದ್ದ. ಒಂದು ಮೇಜಿನ ಮೇಲೆ ಅಚ್ಚುಕಟ್ಟಾಗಿ ಕೂರುತ್ತದೆ. ಕಿಟ್ ರೂಪದಲ್ಲೇ ಕೊಳ್ಳಬಹುದು. ಮರ ಬೇಕಾದರೆ ಪೈನ್ ಮರದ ಪ್ಯಾಕೆಟ್ಟು, ಹಳ್ಳಿ ಬೇಕಾದರೆ ಮರದ ಮನೆಯ ಡಬ್ಬಿ, ಹುಲ್ಲು ಬೇಕಾದರೆ ಹುಲ್ಲಿನ ಹಾಳೆ. ದುಡ್ಡು ಒಂದಿದ್ದರೆ ಸ್ವಿಟ್ಜರ್ಲೆಂಡ್ ಪೆಟ್ಟಿಗೆಯಲ್ಲಿ ಬರುತ್ತದೆ.

ನಮ್ಮ ಘಟ್ಟ ಯಾವ ಪೆಟ್ಟಿಗೆಯಲ್ಲೂ ಬರುವುದಿಲ್ಲ.

ಅಳತೆ ಒಂದೇ

ಮಂಗಳೂರು–ಹಾಸನ ರೈಲುಮಾರ್ಗದಲ್ಲಿ ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದವರೆಗಿನ 55 ಕಿಲೋಮೀಟರ್ ಘಟ್ಟ ಈ ಕಡೆಯವರಿಗೆ ಗೊತ್ತಿದ್ದದ್ದೇ. ‘ಸುಬ್ರಹ್ಮಣ್ಯ ರೋಡ್’ ಅಂತ ಬೋರ್ಡಿದ್ದರೂ ನಮಗೆಲ್ಲ ಅದು ನೆಟ್ಟಣ; ಈಗ ಕಡಬ ತಾಲೂಕು. ಅಲ್ಲಿಂದ ಸಿರಿಬಾಗಿಲು, ಎಡಕುಮೇರಿ, ಕಡಗರವಳ್ಳಿ, ದೋಣಿಗಲ್ ದಾಟಿ ಸಕಲೇಶಪುರ. ಸುರಂಗ 57. ಚಿಕ್ಕ ಮಕ್ಕಳು ಎಣಿಸುತ್ತಾ ಹೋಗಿ 52ಕ್ಕೋ 60ಕ್ಕೋ ನಿಲ್ಲುತ್ತಾರೆ, ದೊಡ್ಡವರೂ ಅಷ್ಟೇ. ಸೇತುವೆಗಳು ನೂರಕ್ಕೂ ಹೆಚ್ಚು. ಏರು 50ಕ್ಕೆ 1, ಅಂದರೆ ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ.

ಈಗ ಲಾಂಡ್‌ವಾಸರ್ ಸೇತುವೆಯ ಏರು ನೋಡಿ: ಸಾವಿರಕ್ಕೆ 20. ಲೆಕ್ಕ ಹಾಕಿದರೆ ಅದೂ 50ಕ್ಕೆ 1.

ಇದಕ್ಕಿಂತ ದೊಡ್ಡ ಹೋಲಿಕೆ ಹಳಿಯ ಅಗಲದಲ್ಲಿದೆ. ಆಲ್ಬುಲಾ ಮಾರ್ಗವನ್ನು ನಡೆಸುವ ರೇಷಿಯನ್ ರೈಲ್ವೆಯದ್ದು ಮೀಟರ್‌ಗೇಜ್, ಎರಡು ಹಳಿಗಳ ನಡುವೆ ಸರಿಯಾಗಿ ಒಂದು ಮೀಟರ್. ನಮ್ಮ ಘಟ್ಟದ ಮಾರ್ಗ 1979ರಲ್ಲಿ ಶುರುವಾದಾಗ ಅದೂ ಮೀಟರ್‌ಗೇಜ್. 1996ರಲ್ಲಿ ಬ್ರಾಡ್‌ಗೇಜ್ ಮಾಡಲಿಕ್ಕೆ ಅದನ್ನು ನಿಲ್ಲಿಸಿದರು. 2006ರಲ್ಲಿ ಗೂಡ್ಸ್, 2007ರ ಡಿಸೆಂಬರ್‌ನಲ್ಲಿ ಪ್ಯಾಸೆಂಜರ್ ಗಾಡಿ ಮತ್ತೆ ಹತ್ತಿತು. ಅಂದರೆ ಘಟ್ಟದಲ್ಲಿ ಮೀಟರ್‌ಗೇಜ್ ಓಡಿದ್ದು ಹದಿನೇಳು ವರ್ಷ ಮಾತ್ರ.

ಇವತ್ತಿನ ಬ್ರಾಡ್‌ಗೇಜನ್ನು ಎಚ್‌ಓದಲ್ಲಿ ಮಾಡಲು ಹೊರಟರೆ ಮೊದಲ ಹೆಜ್ಜೆಯಲ್ಲೇ ತೊಡಕು. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್. 87ರಿಂದ ಭಾಗಿಸಿದರೆ 19 ಚಿಲ್ಲರೆ. ಅಂಗಡಿಯಲ್ಲಿ ಸಿಗುವ ಎಚ್‌ಓ ಹಳಿ 16.5 ಮಿಲಿಮೀಟರ್, ಯುರೋಪಿನ 1,435 ಮಿಲಿಮೀಟರ್ ಹಳಿಗೆ ಹೇಳಿ ಮಾಡಿಸಿದ್ದು. ಅದರ ಮೇಲೆ ನಮ್ಮ ಎಂಜಿನ್ ಇಟ್ಟರೆ ದೊಡ್ಡ ಮನುಷ್ಯ ಸಣ್ಣ ಸ್ಟೂಲಿನ ಮೇಲೆ ಕೂತ ಹಾಗೆ ಕಾಣುತ್ತದೆ. ಆದರೆ ಮೀಟರ್‌ಗೇಜಿಗೆ? 1,000 ಭಾಗಿಸು 87, ಹನ್ನೊಂದೂವರೆ. ಸ್ವಿಸ್ ಮೀಟರ್‌ಗೇಜ್ ಮಾಡುವವರಿಗಾಗಿ ಯುರೋಪಿನಲ್ಲಿ ಸಿಗುವ ‘ಎಚ್‌ಓಎಂ’ ಹಳಿಯ ಅಗಲ 12 ಮಿಲಿಮೀಟರ್. ವ್ಯತ್ಯಾಸ ಬರೀ ಅರ್ಧ ಮಿಲಿಮೀಟರ್.

ಹಾಗಾಗಿ ನಮ್ಮ ಘಟ್ಟದ ಹಳೆ ರೈಲಿಗೆ ಸರಿಹೊಂದುವ ಹಳಿ ಜಗತ್ತಿನಲ್ಲಿ ರೆಡಿಯಾಗಿ ಇರುವುದು ಸ್ವಿಸ್ ರೈಲಿನ ಪ್ರೇಮಿಗಳ ಅಂಗಡಿಯಲ್ಲಿ. ನನ್ನ ಅಟ್ಟಕ್ಕೆ ಪಾರ್ಸೆಲ್ ಬಂದ ಕಾರಣ ಇಷ್ಟೆ.

ಸ್ವಿಸ್ ಮೀಟರ್‌ಗೇಜಿಗೂ ನಮ್ಮ ದೇಶಕ್ಕೂ ಹಳೆ ನಂಟು ಉಂಟು ಎನ್ನುವುದನ್ನೂ ಇಲ್ಲಿ ಹೇಳಬೇಕು. ಊಟಿ ರೈಲು ಹಲ್ಲಿನ ಪಟ್ಟಿ ಕಚ್ಚಿಕೊಂಡು ಬೆಟ್ಟ ಹತ್ತುತ್ತದಲ್ಲ, ಆ ಪದ್ಧತಿ ಸ್ವಿಸ್ ಎಂಜಿನಿಯರ್ ರೋಮನ್ ಆಬ್ಟ್ ಅವರದ್ದು. ಅಲ್ಲಿನ ಹೆಸರಾಂತ ‘ಎಕ್ಸ್ ಕ್ಲಾಸ್’ ಉಗಿ ಎಂಜಿನ್‌ಗಳನ್ನು ಕಟ್ಟಿದ್ದು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿ. ಅದೂ ಮೀಟರ್‌ಗೇಜೇ.

ಒಂದು ಹಾಳೆ ಪ್ಲೈವುಡ್, ಇನ್ನೂರು ಮೀಟರ್ ಘಟ್ಟ

ಅಳತೆ ಸರಿಹೊಂದಿತು ಅಂತ ಇಡೀ ಘಟ್ಟ ಮಾಡಲಿಕ್ಕಾಗುತ್ತದಾ? 55 ಕಿಲೋಮೀಟರನ್ನು 87ರಿಂದ ಭಾಗಿಸಿ: 632 ಮೀಟರ್. ನಮ್ಮ ಮನೆ ಅಂಗಳದಿಂದ ಶುರು ಮಾಡಿದರೆ ನೆರೆಮನೆಯವರ ತೋಟ ದಾಟಿ ಬಸ್ ಸ್ಟಾಪ್ ತನಕ. ನನ್ನ ಹತ್ತಿರ ಇರುವುದು ಎಂಟಡಿ, ನಾಲ್ಕಡಿಯ ಒಂದು ಪ್ಲೈವುಡ್ ಹಾಳೆ. ಎಂಟಡಿ ಅಂದರೆ ಘಟ್ಟದ ಲೆಕ್ಕದಲ್ಲಿ ಸುಮಾರು 210 ಮೀಟರ್.

ಹಾಗಾದರೆ 55 ಕಿಲೋಮೀಟರಿನಲ್ಲಿ ಯಾವ 210 ಮೀಟರ್? ಈ ಪ್ರಶ್ನೆಯೇ ಹವ್ಯಾಸದ ಅರ್ಧ ಕೆಲಸ. ನಾನು ಆರಿಸಿಕೊಂಡದ್ದು ಸುರಂಗ, ಸೇತುವೆ, ಮತ್ತೆ ಸುರಂಗ ಇರುವ ನೋಟ. ಇದು ಒಂದು ನಿರ್ದಿಷ್ಟ ಜಾಗದ ನಕಲಲ್ಲ. ಸಿರಿಬಾಗಿಲಿನಿಂದ ಮೇಲೆ ಹೋಗುವಾಗ ಮತ್ತೆ ಮತ್ತೆ ಸಿಗುವ ದೃಶ್ಯ: ಕತ್ತಲೆ, ಫಕ್ಕನೆ ಬೆಳಕು, ಕೆಳಗೆ ಹೊಳೆ, ಮತ್ತೆ ಕತ್ತಲೆ. ಇದರಲ್ಲಿ ಒಂದು ಅನುಕೂಲವೂ ಇದೆ. ಮಾದರಿ ಮಾಡುವವರಿಗೆ ದೊಡ್ಡ ತಲೆನೋವು ಮೇಜಿನ ಅಂಚು. ಅಲ್ಲಿ ರೈಲು ಫಕ್ಕನೆ ಮುಗಿದುಹೋಗುತ್ತದೆ. ಸುರಂಗ ಇದ್ದರೆ ರೈಲು ಗುಡ್ಡದೊಳಗೆ ಹೋಯಿತು ಅಂತ ಕಣ್ಣು ಒಪ್ಪಿಕೊಳ್ಳುತ್ತದೆ. ಒಳಗೆ ಅದು ಸುತ್ತು ಹಾಕಿ ವಾಪಸು ಬರಲಿ, ಯಾರಿಗೂ ಕಾಣುವುದಿಲ್ಲ. ಸ್ವಿಸ್ ಮಾದರಿಗಳಲ್ಲಿ ಸುರಂಗ ಅಷ್ಟೊಂದು ಇರಲು ಇದೂ ಕಾರಣ. ನಮ್ಮಲ್ಲಂತೂ ಐವತ್ತೇಳು ಇವೆ.

ತಿರುವಿನ ವಿಷಯದಲ್ಲಿ ರಾಜಿ ಮಾಡಿಕೊಳ್ಳಲೇಬೇಕು. ಇವತ್ತು ಬ್ರಾಡ್‌ಗೇಜ್‌ನಲ್ಲಿ ಹತ್ತು ಡಿಗ್ರಿಗಿಂತ ಬಿಗಿಯಾದ ತಿರುವು ಹಾಕುವ ಹಾಗಿಲ್ಲ; ಅಂದರೆ ಕಡಿಮೆಯೆಂದರೂ 175 ಮೀಟರ್ ತ್ರಿಜ್ಯ. ಅದನ್ನು ಮಾದರಿಗೆ ಇಳಿಸಿದರೆ ಎರಡು ಮೀಟರ್. ಆಟದ ರೈಲಿನ ಪೆಟ್ಟಿಗೆಯಲ್ಲಿ ಬರುವ ವೃತ್ತದ ಹಳಿಯ ತ್ರಿಜ್ಯ 36 ಸೆಂಟಿಮೀಟರ್. ನಿಜ ಲೋಕದಲ್ಲಿ ಅದು 31 ಮೀಟರ್ ಆಗುತ್ತದೆ. ಅಂಥ ತಿರುವಿನಲ್ಲಿ ಬಸ್ಸು ತಿರುಗೀತು, ರೈಲು ತಿರುಗದು. ಕಾಣುವ ಕಡೆ ಆದಷ್ಟು ದೊಡ್ಡ ತಿರುವು, ಗುಡ್ಡದೊಳಗೆ ಕಾಣದ ಕಡೆ ಸಣ್ಣ ತಿರುವು ಎನ್ನುವುದು ಎಲ್ಲರೂ ಮಾಡುವ ಉಪಾಯ.

ವೇಗದಲ್ಲಿ ಮಾತ್ರ ರಾಜಿ ಬೇಡ. ಘಟ್ಟದಲ್ಲಿ ರೈಲಿನ ವೇಗ ಗಂಟೆಗೆ 30 ಕಿಲೋಮೀಟರ್ ಅಂತ ಹಿಡಿದರೆ ಮಾದರಿಯಲ್ಲಿ ಸೆಕೆಂಡಿಗೆ ಒಂಬತ್ತೂವರೆ ಸೆಂಟಿಮೀಟರ್. ಎಂಟಡಿ ದಾಟಲು 25 ಸೆಕೆಂಡ್. ರೀಲ್ಸ್ ನೋಡುವ ಕಣ್ಣಿಗೆ 25 ಸೆಕೆಂಡ್ ದೊಡ್ಡದು. ಅಕ್ಕನ ಮಗ ಮೊದಲ ಸಲ ನೋಡಿ, "ಮಾಮ, ಇದು ಸ್ಪೀಡ್ ಹೋಗುವುದಿಲ್ವಾ?" ಅಂತ ಕೇಳಿದ. ಹೋಗುತ್ತದೆ ಮಾರಾಯ, ಆದರೆ ಆಮೇಲೆ ಅದು ಘಟ್ಟ ಆಗುವುದಿಲ್ಲ. ನೆಟ್ಟಣ ಬಿಟ್ಟ ಮೇಲೆ ನಿಧಾನವಾಗುವ ಆ ಗತಿಯೇ ಈ ಮಾರ್ಗದ ಗುರುತು. ಎರಡನೇ ದಿನ ಅವನು ಸ್ಟೂಲ್ ಎಳೆದುಕೊಂಡು ಸುರಂಗದ ಬಾಯಿಗೆ ಕಣ್ಣು ಕೊಟ್ಟು ಕೂತ. ಈಗ ಎಂಜಿನ್ ಹೊರಬರುವುದನ್ನು ಕಾಯುವುದು ಅವನ ಕೆಲಸ.

ಇನ್ನು ಅಳತೆ ತೆಗೆಯುವ ಬಗ್ಗೆ ಒಂದು ಮಾತು. ಮಾರ್ಗ ಮುಚ್ಚಿದ್ದ ವರ್ಷಗಳಲ್ಲಿ ದೋಣಿಗಲ್‌ನಿಂದ ಎಡಕುಮೇರಿ ಕಡೆಗೆ ಹಳಿ ಮೇಲೆ ಟ್ರೆಕ್ಕಿಂಗ್ ಹೋದವರು ನೂರಾರು ಜನ. ಈಗ ಅದು ಅಪಾಯವೂ ಹೌದು, ಅಪರಾಧವೂ ಹೌದು. ಟೇಪು ಹಿಡಿದುಕೊಂಡು ಹಳಿ ಮೇಲೆ ಹೋಗುವ ಯೋಚನೆ ಬೇಡವೇ ಬೇಡ. ರೈಲಿನ ಕಿಟಕಿಯೇ ಸಾಕು. 2021ರ ಜುಲೈಯಿಂದ ಈ ಮಾರ್ಗದಲ್ಲಿ ಗಾಜಿನ ದೊಡ್ಡ ಕಿಟಕಿಯ ವಿಸ್ಟಾಡೋಮ್ ಬೋಗಿ ಬಂದ ಮೇಲೆ ಫೋಟೊ ತೆಗೆಯುವುದು ಇನ್ನೂ ಸುಲಭ. ಫೋಟೊದಲ್ಲಿ ಉದ್ದ ತಿಳಿಯಬೇಕಾದರೆ ಸ್ಲೀಪರ್ ಎಣಿಸಿ. ಕಿಲೋಮೀಟರಿಗೆ 1,660 ಸ್ಲೀಪರ್ ಹಾಕಿದ ಕಡೆ ಒಂದರಿಂದ ಇನ್ನೊಂದಕ್ಕೆ ಸುಮಾರು 60 ಸೆಂಟಿಮೀಟರ್. ಉಪಗ್ರಹ ನಕ್ಷೆ ಉಳಿದದ್ದನ್ನು ಹೇಳುತ್ತದೆ.

ಮೊದಲು ಗುಡ್ಡ, ಆಮೇಲೆ ಹಳಿ

ಹೊಸಬರು ಹಳಿ ಜೋಡಿಸಿ ಆಮೇಲೆ ಸುತ್ತ ಗುಡ್ಡ ಅಂಟಿಸುತ್ತಾರೆ. ಘಟ್ಟ ಮಾಡುವಾಗ ಅದು ನಡೆಯುವುದಿಲ್ಲ. ಗುಡ್ಡದ ಮೈ ಹೇಗೆ ಇಳಿದಿದೆ, ತೋಡು ಎಲ್ಲಿ ಹರಿಯುತ್ತದೆ, ಎಲ್ಲಿ ಕಡಿದಿದ್ದಾರೆ, ಎಲ್ಲಿ ಮಣ್ಣು ತುಂಬಿಸಿದ್ದಾರೆ ಎನ್ನುವುದು ಮೊದಲು ಗೊತ್ತಾಗಬೇಕು. ಹಳಿ ಕೂರುವುದು ಕೊನೆಗೆ.

ಗುಡ್ಡಕ್ಕೆ ಥರ್ಮೋಕೋಲ್ ಹಾಳೆ ಮೇಲೆ ಹಾಳೆ ಇಟ್ಟು ಕಡಿದು, ಮೇಲೆ ಪ್ಲಾಸ್ಟರ್. ಮಣ್ಣಿಗೆ ಮಣ್ಣೇ. ನಮ್ಮ ಮುರಕಲ್ಲಿನ ಪುಡಿಯನ್ನು ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದರೆ ಅದಕ್ಕಿಂತ ಒಳ್ಳೆಯ ಬಣ್ಣ ಯಾವ ಕಂಪನಿಯೂ ಕೊಡುವುದಿಲ್ಲ. ಫೆವಿಕಾಲಿಗೆ ನೀರು ಸೇರಿಸಿ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬಿಟ್ಟರೆ ಅಂಟು ಸಲೀಸಾಗಿ ಇಳಿಯುತ್ತದೆ. ಕಾಡಿನ ಬುಡಕ್ಕೆ ತೋಟದ ಪಾಚಿ, ಚೆನ್ನಾಗಿ ಬಿಸಿಲಿಗೆ ಒಣಗಿಸಿದ್ದು. ಮರಕ್ಕೆ ಕತ್ತದ ನಾರು ಮತ್ತು ತಂತಿ. ನೆಟ್ಟಣದ ಕಡೆಯ ಒಂದು ಮೂಲೆಯಲ್ಲಿ ಅಡಕೆ ತೋಟ ಬೇಕಿತ್ತು; ಹಿಡಿಸೂಡಿಯ ಕಡ್ಡಿಯೇ ಕಾಂಡ, ಹಸಿರು ಕಾಗದ ಕತ್ತರಿಸಿ ಸೋಗೆ. ಹಿಡಿಸೂಡಿ ಸಪೂರ ಆಗುತ್ತಾ ಬಂದದ್ದನ್ನು ಅಮ್ಮ ಗಮನಿಸಿದ್ದಾರೆ. ಯುರೋಪಿನ ಪ್ಯಾಕೆಟ್ಟಿನಲ್ಲಿ ಬರುವ ಪೈನ್ ಮರ ಒಂದೂ ನನ್ನ ಗುಡ್ಡದಲ್ಲಿಲ್ಲ. ನಮ್ಮ ಘಟ್ಟಕ್ಕೆ ಬೇಕಾದ್ದು ಒಂದರ ಮೇಲೊಂದು ಮುಗಿಬಿದ್ದ ಹಸಿರು, ಬಳ್ಳಿ, ಬೀಳಲು. ಮಾಡಲು ಕಷ್ಟ, ಆದರೆ ಖರ್ಚಿಲ್ಲ.

ಮಳೆಗಾಲ ಬೇರೆಯೇ ಪರೀಕ್ಷೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಚಿಗೆ ಬೂಷ್ಟು, ಮರಕ್ಕೆ ಉಬ್ಬು, ಹಳಿಗೆ ಮಂಕು. ಮೆರೈನ್ ಪ್ಲೈ ಹಾಕಬೇಕು, ಅಂಚಿಗೆಲ್ಲ ಪೇಂಟ್ ಹೊಡೆಯಬೇಕು. ವಾರಕ್ಕೊಮ್ಮೆ ಹಳಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನ ಬಟ್ಟೆಯಿಂದ ಒರೆಸಬೇಕು, ಯಾಕೆಂದರೆ ಎಂಜಿನ್ನಿಗೆ ಕರೆಂಟು ಹೋಗುವುದು ಹಳಿಯಿಂದಲೇ. ಗುಡುಗು ಸಿಡಿಲಿನ ದಿನ ಪ್ಲಗ್ ಕಿತ್ತಿಡಬೇಕು. ಸ್ವಿಸ್ ಹವ್ಯಾಸಿಗಳ ಪುಸ್ತಕದಲ್ಲಿ ಇದ್ಯಾವುದೂ ಇರುವುದಿಲ್ಲ.

ನಿಜವಾದ ಘಟ್ಟದ ಮೇಲೂ ಅದೇ ಮಳೆ ಬೀಳುತ್ತದೆ. 2018ರ ಆಗಸ್ಟ್‌ನಲ್ಲಿ ಸಾಲು ಸಾಲು ಕಡೆ ಗುಡ್ಡ ಜರಿದು ವಾರಗಟ್ಟಲೆ ರೈಲು ನಿಂತಿತ್ತು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ, ಕಡಗರವಳ್ಳಿ ನಡುವೆ ಹಳಿಯ ಅಡಿಯ ಮಣ್ಣೇ ಜಾರಿತು. ಪತ್ರಿಕೆಯಲ್ಲಿ ಆ ಫೋಟೊ ನೋಡಿದಾಗ ನನಗೆ ತಕ್ಷಣ ಕಂಡದ್ದು ಹಳಿಯಲ್ಲ, ಹಳಿಯ ಕೆಳಗಿನ ಇಳಿಜಾರು. ಅಂಥ ಇಳಿಜಾರನ್ನು ಕೈಯಾರೆ ಥರ್ಮೋಕೋಲಿನಲ್ಲಿ ಕಡಿದವನಿಗೆ ಗೊತ್ತಿರುತ್ತದೆ: ಮೇಲಿನ ಗುಡ್ಡದ ನೀರು ಹಳಿ ದಾಟಿ ಕೆಳಗಿನ ಹೊಳೆಗೆ ಹೋಗಲೇಬೇಕು. ದಾರಿ ಕೊಟ್ಟರೆ ಮೋರಿಯಲ್ಲಿ ಹೋಗುತ್ತದೆ, ಕೊಡದಿದ್ದರೆ ಮಣ್ಣನ್ನೇ ಕರೆದುಕೊಂಡು ಹೋಗುತ್ತದೆ. ಮಾದರಿಯಲ್ಲಿ ನಾನು ಸುರಂಗದ ಬಾಯಿಯ ಮೇಲೆ ನೀರು ತಿರುಗಿಸುವ ಚರಂಡಿ, ಹಳಿ ಬದಿಯ ಕಲ್ಲಿನ ಗೋಡೆ, ಕೆಳಗಿನ ಮೋರಿ ಇವನ್ನೆಲ್ಲ ಬಿಡದೆ ಹಾಕಿದ್ದೇನೆ. ನೋಡಿದವರು ಅದನ್ನು ಗಮನಿಸುವುದಿಲ್ಲ. ಆದರೆ ಅವೇ ಇಲ್ಲದಿದ್ದರೆ ಅದು ಪಶ್ಚಿಮ ಘಟ್ಟ ಅಲ್ಲ, ಬರೀ ಹಸಿರು ದಿಬ್ಬ.

ಸ್ವಿಸ್ ಮಾದರಿಗಳಲ್ಲೂ ನೋಡಿ, ಹಳಿಯ ಮೇಲ್ಬದಿಗೆ ದಟ್ಟ ಕಾಡು, ಹಿಮ ಜಾರುವ ಕಡೆ ಹಳಿಯ ಮೇಲೆ ಕಾಂಕ್ರೀಟಿನ ಮಾಡು ಇರುತ್ತದೆ. ಅದು ಅಲಂಕಾರವಲ್ಲ. ಬೆಟ್ಟದ ಕಾಡು ಕಡಿದರೆ ಕೆಳಗಿನ ಊರಿಗೆ ಉಳಿಗಾಲವಿಲ್ಲ ಅಂತ ಅವರು 1876ರಲ್ಲೇ ಅರಣ್ಯ ಕಾನೂನು ಮಾಡಿದವರು. ಕೆಂಪು ರೈಲಿನ ಚಂದ ನೋಡುವಾಗ ಅದರ ಹಿಂದಿನ ಕಾಡನ್ನೂ ನೋಡಬೇಕು ಅಂತ ನನಗೆ ಹೇಳಿಕೊಟ್ಟದ್ದು ಈ ಹವ್ಯಾಸ.

ಎಂಜಿನ್ ಮತ್ತು ಖರ್ಚು

ಹಳಿ ಸ್ವಿಸ್ಸಿನದ್ದಾಯಿತು, ಎಂಜಿನ್? ಜರ್ಮನಿಯ ಬೆಮೊ ಕಂಪನಿ ರೇಷಿಯನ್ ರೈಲ್ವೆಯ ಎಂಜಿನ್‌ಗಳನ್ನು ಇದೇ 12 ಮಿಲಿಮೀಟರ್ ಹಳಿಗೆ ಮಾಡುತ್ತದೆ. ಒಂದೊಂದಕ್ಕೆ ಮುನ್ನೂರು, ನಾನೂರು ಯೂರೋ, ಸುಂಕ ಬೇರೆ. ಆ ದುಡ್ಡಿಗೆ ಇಲ್ಲಿ ಒಂದು ಹಳೆ ಸ್ಕೂಟರ್ ಬರುತ್ತದೆ. ಅಷ್ಟು ಕೊಟ್ಟರೂ ಅದು ಸ್ವಿಸ್ ಎಂಜಿನ್. ನನಗೆ ಬೇಕಾದ್ದು ನಮ್ಮ ಮೀಟರ್‌ಗೇಜಿನ ದುಡಿಯುವ ಎತ್ತು, ವೈಡಿಎಂ-4 ಡೀಸೆಲ್.

ಸ್ವಿಸ್ ಎಂಜಿನ್ನಿನ ಹೆಸರಲ್ಲೇ ಅದರ ಜಾತಕ ಇರುತ್ತದೆ. ‘ಜಿಇ 4/4’ ಅಂದರೆ ಸಣ್ಣ ಗೇಜಿನ ವಿದ್ಯುತ್ ಎಂಜಿನ್, ನಾಲ್ಕು ಅಚ್ಚಿನಲ್ಲಿ ನಾಲ್ಕಕ್ಕೂ ಮೋಟಾರಿನ ಬಲ. ವೈಡಿಎಂ-4ಕ್ಕೆ ಅಚ್ಚು ಆರು, ಮೂರು ಮೂರರ ಎರಡು ಗುಂಪು. ಹಾಗಾಗಿ ಮೋಟಾರು, ಚಕ್ರದ ಭಾಗ ಮಾತ್ರ ಕೊಂಡು, ಮೇಲಿನ ಕವಚವನ್ನು ಕಂಪ್ಯೂಟರಿನಲ್ಲಿ ಬಿಡಿಸಿ 3ಡಿ ಪ್ರಿಂಟ್ ಮಾಡಿಸಬೇಕು. ಉದ್ದನೆ ಮೂತಿ, ಬದಿಯ ಬಾಗಿಲು, ಮೇಲಿನ ಫ್ಯಾನು ಇವನ್ನು ಬಿಡಿಸುತ್ತಾ ನನ್ನ ಎಷ್ಟೋ ಶನಿವಾರಗಳು ಕಳೆದಿವೆ.

ಓಡಿಸುವ ವಿಧಾನ ನಮ್ಮ ಐಟಿಯವರಿಗೆ ಕೂಡಲೇ ಅರ್ಥವಾಗುವಂಥದ್ದು. ಇದಕ್ಕೆ ‘ಡಿಸಿಸಿ’ ಎನ್ನುತ್ತಾರೆ. ಹಳಿಯಲ್ಲಿ ಕರೆಂಟಿನ ಜೊತೆಗೇ ಸಂದೇಶವೂ ಹೋಗುತ್ತದೆ. ಪ್ರತಿ ಎಂಜಿನ್ನಿಗೆ ಒಂದು ನಂಬರು; ಒಂದೇ ವೈಫೈಯಲ್ಲಿ ಹತ್ತು ಫೋನ್ ಇದ್ದರೂ ಕರೆ ಬಂದ ಫೋನ್ ಮಾತ್ರ ರಿಂಗ್ ಆದ ಹಾಗೆ, ಕರೆದ ಎಂಜಿನ್ ಮಾತ್ರ ಹೊರಡುತ್ತದೆ. ದುಬಾರಿ ಪೆಟ್ಟಿಗೆಯ ಬದಲು ಆರ್ಡುಯಿನೊ ಬೋರ್ಡ್ ಮತ್ತು ‘ಜೆಎಂಆರ್‌ಐ’ ಎಂಬ ಉಚಿತ ಸಾಫ್ಟ್‌ವೇರ್ ಬಳಸಬಹುದು. ಘಟ್ಟ ಹತ್ತುವ ಭಾರದ ಗಾಡಿಗೆ ನೆಟ್ಟಣದಲ್ಲಿ ಹಿಂದಿನಿಂದ ತಳ್ಳಲು ಎಂಜಿನ್ ಸೇರಿಸುತ್ತಾರಲ್ಲ, ಅದನ್ನೂ ಮಾಡಬಹುದು. ಆದರೆ ಎದುರಿನ ಎಂಜಿನ್ನೂ ಹಿಂದಿನದ್ದೂ ಒಂದೇ ವೇಗದಲ್ಲಿ ಹೋಗುವ ಹಾಗೆ ಹೊಂದಿಸಬೇಕು. ಹಿಂದಿನದ್ದು ಕೊಂಚ ಜೋರಾದರೆ ನಡುವಿನ ಬೋಗಿಗಳು ತಿರುವಿನಲ್ಲಿ ಹೊರಗೆ ಮಗುಚುತ್ತವೆ.

ಶುರು ಮಾಡಲು ಇಷ್ಟೆಲ್ಲ ಬೇಕೆಂದಿಲ್ಲ. ಪುಣೆಗೆ ಹೋದರೆ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ನೋಡಿ ಬನ್ನಿ. ಒಬ್ಬರ ಹವ್ಯಾಸ 1998ರಲ್ಲಿ ಸಾರ್ವಜನಿಕರ ಪ್ರದರ್ಶನವಾದದ್ದು ಅದು. ಮನೆಯಲ್ಲಾದರೆ ಒಂದು ಅಡಿ ಹಲಗೆಯ ಮೇಲೆ ನಿಮ್ಮ ಊರಿನ ಸ್ಟೇಶನ್ನಿನ ಒಂದು ತುಂಡು ಮಾಡಿ. ನರಿಮೊಗರು, ಕಾಣಿಯೂರು, ಎಡಮಂಗಲ, ಕೋಡಿಂಬಾಳ, ಇವೆಲ್ಲ ಒಂದು ಹಲಗೆಗೆ ಹೇಳಿ ಮಾಡಿಸಿದ ಸಣ್ಣ ಸ್ಟೇಶನ್‌ಗಳು. ಹಳದಿ ಬೋರ್ಡು, ಕಪ್ಪು ಅಕ್ಷರ, ಒಂದು ಬೆಂಚು, ಒಂದು ಮರ. ಎಂಜಿನ್ ಆಮೇಲೆ ಬರಲಿ. ಸುಳ್ಯದ ನನ್ನ ಗೆಳೆಯ, "ನಮಗೆ ಸ್ಟೇಶನ್ನೇ ಇಲ್ಲ, ನಾವು ಎಂತ ಮಾಡುವುದು?" ಅಂತ ಕೇಳಿದ. ಕಾಞಂಗಾಡ್‌ನಿಂದ ಪಾಣತ್ತೂರು, ಸುಳ್ಯದ ದಾರಿಯಾಗಿ ಕಾಣಿಯೂರಿಗೆ ರೈಲು ಬರುತ್ತದೆ ಅಂತ ಸಮೀಕ್ಷೆಯ ಸುದ್ದಿ ಕೇಳುತ್ತಲೇ ಅವನು ದೊಡ್ಡವನಾದವನು. ಸುಳ್ಯ ಸ್ಟೇಶನ್ನನ್ನು ನೀನೇ ಕಟ್ಟು, ಮೊದಲು ಕಟ್ಟಿದವನು ನೀನೇ ಆಗುತ್ತಿ ಅಂದೆ. ಅವನು ಈಗ ಹಲಗೆ ಹುಡುಕುತ್ತಿದ್ದಾನೆ.

ಬಣ್ಣ ಯಾವುದು?

ಇಷ್ಟೆಲ್ಲ ಆದ ಮೇಲೆ ಕೆಲಸ ನಿಂತಿರುವುದು ಒಂದು ಸಣ್ಣ ಪ್ರಶ್ನೆಯಲ್ಲಿ. ಬೋಗಿಗೆ ಹೊಡೆಯಬೇಕಾದ ಬಣ್ಣ.

ಮಾದರಿ ಮಾಡುವವರು ಕಾಲವನ್ನೂ ನಿಗದಿ ಮಾಡಿಕೊಳ್ಳುತ್ತಾರೆ. ಸ್ವಿಟ್ಜರ್ಲೆಂಡಿನ ಫ್ರಿಬೂರ್ ಬಳಿ ‘ಕೇಜರ್‌ಬರ್ಗ್’ ಎಂಬ ಹೆಸರಿನ ದೊಡ್ಡ ಮಾದರಿ ಇದೆ. ಅಲ್ಲಿ ಯಾವತ್ತೂ 1990ರ ದಶಕದ ಶರತ್ಕಾಲದ ಒಂದು ದಿನ. ಮರದ ಎಲೆ, ರಸ್ತೆಯ ಕಾರು, ಬೋಗಿಯ ಬಣ್ಣ, ಎಲ್ಲ ಆ ದಿನಕ್ಕೆ ಹೊಂದಬೇಕು. ನನ್ನ ಘಟ್ಟಕ್ಕೆ ನಾನು ಆರಿಸಿಕೊಂಡದ್ದು 1980ರ ದಶಕದ ಸೆಪ್ಟೆಂಬರ್, ಮಳೆ ಹೊಳವಾದ ಒಂದು ಬೆಳಿಗ್ಗೆ.

1996ರಲ್ಲಿ ಮೀಟರ್‌ಗೇಜ್ ನಿಂತಾಗ ನಾನು ಒಂದು ವರ್ಷದ ಮಗು. ಹೊಸ ರೈಲು ಬರುವಾಗ ಏಳನೇ ಕ್ಲಾಸು. ನಾನು ಕಟ್ಟುತ್ತಿರುವ ರೈಲನ್ನು ನಾನು ನೋಡಿಯೇ ಇಲ್ಲ. ಹಾಗಾಗಿ ಕೇಳಬೇಕಾದ್ದು ನೋಡಿದವರನ್ನು. ಸೋದರಮಾವ ಹಾಸನದಲ್ಲಿ ಓದಿದವರು. ರಜೆ ಬಂದಾಗೆಲ್ಲ ಇದೇ ಗಾಡಿಯಲ್ಲಿ ಇಳಿದು ಬರುತ್ತಿದ್ದರು. ಸುರಂಗ ಬಂದ ಕೂಡಲೇ ಹುಡುಗರು ಕೂಗುತ್ತಿದ್ದದ್ದು, ಹೊಗೆ ಬರುತ್ತದೆಂದು ಹೆಂಗಸರು ಕಿಟಕಿ ಎಳೆಯುತ್ತಿದ್ದದ್ದು, ಎಡಕುಮೇರಿಯಲ್ಲಿ ಗಾಡಿ ನಿಂತಾಗ ಹೊರಗೆ ಜೀರುಂಡೆಯ ಸದ್ದು ಬಿಟ್ಟರೆ ಏನೂ ಇಲ್ಲದ್ದು, ಎಲ್ಲ ಅವರಿಗೆ ನೆನಪಿದೆ. "ಬೋಗಿ ಇಟ್ಟಿಗೆ ಕೆಂಪು ಮಾರಾಯ, ಮಳೆಗೆ ನೆನೆದರೆ ಕಪ್ಪಗೆ ಕಾಣುತ್ತಿತ್ತು" ಅಂದರು. ಅತ್ತೆ ಅಡುಗೆಮನೆಯಿಂದಲೇ, "ಕೆಂಪಲ್ಲ, ಕಂದು. ನಾನು ಮದುವೆಯಾಗಿ ಬಂದದ್ದು ಅದರಲ್ಲೇ" ಅಂದರು. ಇಬ್ಬರೂ ಅರ್ಧ ಗಂಟೆ ವಾದ ಮಾಡಿದರು. ನಡುವೆ ಮಾವನಿಗೆ ಗೊತ್ತಿಲ್ಲದ ಒಂದು ಸಂಗತಿಯೂ ಬಂತು: ಆ ದಿನ ಅತ್ತೆ ಸುರಂಗದ ಕತ್ತಲೆಯಲ್ಲಿ ಯಾರಿಗೂ ಕಾಣದ ಹಾಗೆ ಅತ್ತದ್ದು, ಬೆಳಕು ಬಂದ ಕೂಡಲೇ ಕಣ್ಣು ಒರೆಸಿಕೊಂಡದ್ದು. ಎಷ್ಟು ಸುರಂಗದಲ್ಲಿ ಅಂತ ಮಾವ ತಮಾಷೆಗೆ ಕೇಳಿದರು. "ಸಿರಿಬಾಗಿಲು ಬರುವ ತನಕ" ಅಂದರು ಅತ್ತೆ. ಆಮೇಲೆ ಬಣ್ಣದ ಮಾತು ಅಲ್ಲಿಗೇ ನಿಂತಿತು.

ಮದುವೆಯ ಆಲ್ಬಮ್ ತೆರೆದು ನೋಡಿದೆವು. ಮಂಟಪ ಇದೆ, ಊಟದ ಪಂಕ್ತಿ ಇದೆ, ರೈಲಿನ ಒಂದು ಫೋಟೊವೂ ಇಲ್ಲ. ಅದು ಸಹಜ. ದಿನಾ ಬರುವ ಗಾಡಿಯ ಫೋಟೊ ಯಾರು ತೆಗೆಯುತ್ತಾರೆ? ಅದರಲ್ಲೂ ಆಗ ರೀಲಿಗೆ ದುಡ್ಡು. ಸ್ವಿಸ್ ಎಂಜಿನ್ನಿನ ಒಂದೊಂದು ತಿರುಪಿನ ಫೋಟೊವೂ ನನಗೆ ಐದು ನಿಮಿಷದಲ್ಲಿ ಸಿಗುತ್ತದೆ. ಮನೆಯಿಂದ ಒಂದು ಗಂಟೆ ದೂರದಲ್ಲಿ ಹದಿನೇಳು ವರ್ಷ ಓಡಿದ ರೈಲಿನದ್ದು ಒಂದು ಕೈಯ ಬೆರಳಿನಷ್ಟೂ ಸಿಕ್ಕಿಲ್ಲ. ಅದರಲ್ಲಿ ಓಡಾಡಿದವರಿಗೆ ಈಗ ಐವತ್ತು, ಅರವತ್ತು, ಎಪ್ಪತ್ತು ದಾಟಿದೆ. ಹಳಿ ಬದಲಾಯಿತು, ಬೋಗಿ ಗುಜರಿಗೆ ಹೋಯಿತು, ಈಗ ಸುರಂಗದೊಳಗೆ ವಿದ್ಯುತ್ ತಂತಿಯೂ ಬಂದಿದೆ. ಅವರ ನೆನಪು ಒಂದು ಬಾಕಿ.

ಆದ್ದರಿಂದ ಪುತ್ತೂರು, ಸುಳ್ಯ, ಕಡಬದ ಓದುಗರಲ್ಲಿ ಒಂದು ಕೋರಿಕೆ. ಅಂಚೆಯಲ್ಲಿ ನನಗೆ ಏನೂ ಕಳಿಸಬೇಡಿ. ಮನೆಯಲ್ಲಿ ಹಳೆ ಆಲ್ಬಮ್ ಇದ್ದರೆ ಒಮ್ಮೆ ಬಿಡಿಸಿ ನೋಡಿ. ಪ್ಲಾಟ್‌ಫಾರಮ್ಮಿನಲ್ಲಿ ನಿಂತ ಚಿಕ್ಕಮ್ಮನ ಹಿಂದೆ, ಟ್ರಂಕಿನ ಮೇಲೆ ಕೂತ ದೊಡ್ಡಪ್ಪನ ಪಕ್ಕದಲ್ಲಿ ಬೋಗಿಯ ಒಂದು ತುಂಡಾದರೂ ಕಾಣುತ್ತದಾ ನೋಡಿ. ಕಂಡರೆ ಫೋಟೊದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಮೂರು ವಿಷಯ ಬರೆದಿಡಿ: ಯಾವ ಸ್ಟೇಶನ್, ಯಾವ ವರ್ಷ, ಯಾರು ಎಲ್ಲಿಗೆ ಹೊರಟದ್ದು. ಫೋಟೊ ಇಲ್ಲದಿದ್ದರೆ ಹಿರಿಯರನ್ನು ಕೂರಿಸಿ ಕೇಳಿ. ಬಣ್ಣದಿಂದ ಶುರು ಮಾಡಿದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ.

ನಾನು ಸದ್ಯಕ್ಕೆ ಒಂದು ಬೋಗಿಗೆ ಇಟ್ಟಿಗೆ ಕೆಂಪು, ಇನ್ನೊಂದಕ್ಕೆ ಅದಕ್ಕಿಂತ ಒಂದು ಛಾಯೆ ಕಂದು ಹೊಡೆದಿದ್ದೇನೆ. ಬಿಸಿಲಿಗೆ, ಮಳೆಗೆ ಎಲ್ಲ ಬೋಗಿಗಳೂ ಒಂದೇ ಹಾಗೆ ಇರುವುದಿಲ್ಲವಲ್ಲ. ಮಾವನೂ ಅತ್ತೆಯೂ ಮುಂದಿನ ತಿಂಗಳು ನೋಡಲು ಬರುವವರಿದ್ದಾರೆ.